ರಹೀಮಣ್ಣ ಹೇಳಿದ ಅಳತೆ

ರಹೀಮಣ್ಣ,

ಹದಿನೈದು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮಗೊಂದು ವಿಷಯ ಹೇಳಬೇಕು. ಹೇಳೋಣವೆಂದರೆ ನೀವು ಹೋಗಿ ಎಂಟು ತಿಂಗಳಾಯಿತು.

ತಿಪಟೂರಿನ ನಿಮ್ಮ ವರ್ಕ್‌ಶಾಪಿನಲ್ಲಿ ತೆಂಗಿನಕಾಯಿ ಸುಲಿಯುವ ಮಷೀನಿಗೆ ಕೈ ಹಾಕಿದ ದಿನ ನೆನಪಿದೆಯೇ? ನಾನಾಗ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಸೇರಿದ ಹೊಸತು. ಮೋಟರಿನಿಂದ ಚಕ್ರ ತಿರುಗಬೇಕು, ಚಕ್ರಕ್ಕೆ ಸಿಕ್ಕಿಸಿದ ಕಬ್ಬಿಣದ ತೋಳು ಹಿಂದೆ ಮುಂದೆ ಆಡಿ ಅಲಗನ್ನು ಅಗಲಿಸಬೇಕು. ನಕ್ಷೆ ನನ್ನದು, ಕೆಲಸ ನಿಮ್ಮದು. ಕಾಗದವನ್ನು ಬೆಳಕಿಗೆ ಹಿಡಿದು, "ತೋಳು ಗಿಡ್ಡ ಆಯ್ತದೆ ಕಣವ್ವ. ಎರಡು ಬೆರಳು ಜಾಸ್ತಿ ಇರ್ಲಿ," ಅಂದಿರಿ.

"ಲೆಕ್ಕ ಹಾಕಿದ್ದೀನಿ ರಹೀಮಣ್ಣ," ಅಂದೆ. ನೀವು ನನ್ನ ಅಳತೆಗೇ ತೋಳು ಕತ್ತರಿಸಿದಿರಿ. ಯಾಕೆ ಒಪ್ಪಿದಿರಿ? ಒಂದು ಸಲ ಗದರಬಾರದಿತ್ತೇ?

ಹಾಲ್ಕುರಿಕೆಯ ತೆಂಗಿನ ತೋಟದವರು ಮಷೀನು ನೋಡಲು ಬಂದ ದಿನವಂತೂ... ಚಕ್ರ ಮುಕ್ಕಾಲು ಸುತ್ತು ಹೋಗಿ ಕಚ್ಚಿಕೊಂಡಿತು. ತೋಳನ್ನು ಚಕ್ರಕ್ಕೆ ಸಿಕ್ಕಿಸಿದ್ದ ಪಿನ್ನು ಮುರಿದು ಹಾರಿ ನಿಮ್ಮ ಮುಂಗೈಗೆ ಬಡಿಯಿತು. ನೀವು ರಕ್ತ ಒರೆಸಿಕೊಳ್ಳುತ್ತಿದ್ದಾಗಲೇ, ಎಲ್ಲರಿಗೂ ಕೇಳುವ ಹಾಗೆ, "ವೆಲ್ಡಿಂಗ್ ನೆಟ್ಟಗಿಲ್ಲ," ಅಂದೆ. ಅವರಲ್ಲಿ ಹಿರಿಯರಾದ ಶಿವಣ್ಣನವರು, "ಬುಡಿ, ಸಾಬ್ರ ಕೈಲಿ ಆಗೋ ಕೆಲ್ಸ ಅಲ್ಲ ಇದು," ಎಂದು ಎದ್ದುಹೋದರು. ನೀವು ನನ್ನ ಮುಖ ನೋಡಿದಿರಿ, ಅಷ್ಟೇ. ಮಷೀನಿನ ಮೇಲೆ ಗೋಣಿತಾಟು ಬಿತ್ತು. ಬೇಸಿಗೆಯಲ್ಲಿ ಎದೆನೋವು ಬಂದು ನೀವೂ ಹೋದಿರಿ.

ಮೊನ್ನೆ ಮೊನ್ನೆ ಕಾಲೇಜಿನ ಕಂಪ್ಯೂಟರಿಗೆ ಯಂತ್ರದ ಓಡಾಟ ತೋರಿಸುವ ಸಾಫ್ಟ್‌ವೇರ್ ಬಂತು. ಪರದೆಯ ಎಡಗಡೆ ಚಕ್ರ, ತೋಳು, ಪಿನ್ನು ಎಲ್ಲ ಸಾಲಾಗಿರುತ್ತವೆ. ಬೇಕಾದ್ದನ್ನು ಮೌಸಿನಿಂದ ಒತ್ತಿ ಹಿಡಿದು, ಎಳೆದು ತಂದು ಬಿಟ್ಟರೆ ಅಲ್ಲೇ ಕೂರುತ್ತದೆ. ಕಲಿಯಲೆಂದು ನನ್ನ ಹಳೆಯ ನಕ್ಷೆಯಂತೆ ನಮ್ಮ ಮಷೀನನ್ನೇ ಜೋಡಿಸಿದೆ. ಓಡಿಸಿದೆ. ಚಕ್ರ ಮುಕ್ಕಾಲು ಸುತ್ತು ಹೋಗಿ ನಿಂತಿತು.

ಪರದೆಯಲ್ಲಿ ವೆಲ್ಡಿಂಗೇ ಇರಲಿಲ್ಲ, ರಹೀಮಣ್ಣ.

ತೋಳಿನ ತುದಿ ಹಿಡಿದು ಚೂರು ಚೂರೇ ಎಳೆಯುತ್ತ ಹೋದೆ. ನಿಂತಿತು, ಮತ್ತೆ ನಿಂತಿತು. ಕೊನೆಗೊಮ್ಮೆ ಚಕ್ರ ಪೂರ್ತಿ ಸುತ್ತಿತು. ಎಷ್ಟು ಉದ್ದವಾಗಿದೆ ಎಂದು ನೋಡಿದರೆ, ಸರಿಯಾಗಿ ನಿಮ್ಮ ಎರಡು ಬೆರಳು.

ಅಂದು ಸಂಜೆಯೇ ನಿಮ್ಮ ಮನೆಗೆ ಹೋದೆ. "ತಪ್ಪು ನಂದು," ಎಂದು ನಿಮ್ಮ ಹೆಂಡತಿ ಖೈರುನ್ನಿಸಕ್ಕನ ಮುಂದೆ ಅತ್ತೆ. ಅಕ್ಕ ಸಮಾಧಾನ ಮಾಡಲಿಲ್ಲ. "ನಂಗ್ಯಾಕವ್ವ ಹೇಳ್ತೀಯ? ಅವತ್ತು ಯಾರ ಮುಂದೆ ಅಂದ್ಯೋ ಅವ್ರಿಗೇಳು," ಅಂದರು.

ಹಾಲ್ಕುರಿಕೆಗೆ ಹೊರಡಲು ನನಗೆ ಎಂಟು ದಿನ ಬೇಕಾಯಿತು. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಎರಡು ಸಲ ವಾಪಸು ಬಂದೆ. ಶಿವಣ್ಣನವರು ಎಲ್ಲ ಕೇಳಿ, "ಮನುಷ್ಯ ಹೋದ್ಮೇಲೆ ಹೇಳ್ತಿದ್ದೀಯಲ್ಲವ್ವ," ಅಂದರು. ಹೊಸ ತೋಳು ಹಾಕಿಸುತ್ತೇನೆ, ಬಂದು ನೋಡಿ ಎಂದು ಕೇಳಿಕೊಂಡೆ.

ನಿನ್ನೆ ಅವರೇ ನಾಲ್ಕು ಜನರನ್ನು ಕರೆದುಕೊಂಡು ವರ್ಕ್‌ಶಾಪಿಗೆ ಬಂದರು. ಈಗ ಅಲ್ಲಿನ ಕೆಲಸ ನೋಡಿಕೊಳ್ಳುವ ನಿಮ್ಮ ತಮ್ಮ ಎರಡು ಬೆರಳು ಹೆಚ್ಚಿನ ಹೊಸ ತೋಳು ಕೂರಿಸಿದ್ದ. ಸ್ವಿಚ್ ಒತ್ತಿದ್ದು ಖೈರುನ್ನಿಸಕ್ಕ. ಮೊದಲ ಕಾಯಿಯ ಮಟ್ಟೆ ನಾಲ್ಕು ಹೋಳಾಗಿ ಬಿಚ್ಚಿಕೊಂಡಿತು. ಆಮೇಲೆ ಎರಡನೆಯದು, ಮೂರನೆಯದು... ಶಿವಣ್ಣನವರು ಅಲಗನ್ನೇ ನೋಡುತ್ತ, "ಅಳತೆ ಯಾರ್ದವ್ವ?" ಅಂದರು.

ಮೋಟರು ಸದ್ದು ಮಾಡುತ್ತಿತ್ತು. ಹಿಂದೆ ನಿಂತವರಿಗೂ ಕೇಳಲೆಂದು ದನಿ ಎತ್ತಿ ಹೇಳಿದೆ: "ರಹೀಮಣ್ಣಂದು."