ಕಪ್ಪು ತುದಿಯ ಗರಿ

ಸಬ್ಹಾನ್, ಕುವೈತ್
೧೪ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಗುರುಸಿದ್ದಾ,

ಹೇಗಿದ್ದೀ? ಅವ್ವನ ಮೊಣಕಾಲು ನೋವು ಇಳಿದಿದೆಯೇ? ನೇತ್ರಾ ಈಗ ನಡೆಯಲು ಕಲಿತಿರಬೇಕು. ನಿನ್ನ ಮಗಳನ್ನು ನಾನಿನ್ನೂ ಫೋಟೋದಲ್ಲೇ ನೋಡಿದ್ದು. ಹನ್ನೊಂದು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತು ಎಂದು ಕೇಳುವ ಮುಖವೂ ನನಗಿಲ್ಲ. ನಮ್ಮ ಡ್ರೈವರ್ ಬಾವಾಕುಂಞಿ ಭಾಯಿ ಇವತ್ತು ಮಂಗಳೂರಿಗೆ ಹೊರಟಿದ್ದಾರೆ, ಅಲ್ಲಿಂದ ಅಂಚೆಗೆ ಹಾಕುತ್ತೇನೆ ಎಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗೋದಾಮಿನ ಹಿಂದೆ ನೀನು ನೋಡಿಕೊಳ್ಳುತ್ತಿದ್ದ, ನಮಗೆ ವೀಸಾ ಕೊಟ್ಟ ಧಣಿ ಕಫೀಲ್‌ನ ಎರಡು ಕಾಡು ಟರ್ಕಿ ಕೋಳಿಗಳಲ್ಲಿ ದೊಡ್ಡದು ಜನವರಿಯ ಚಳಿಗೆ ಸತ್ತಿತು. ಉಳಿದದ್ದು, ನಾವೆಲ್ಲ ಹೆಣ್ಣು ಅಂತಿದ್ದೆವಲ್ಲ, ಅದು ವಾರಗಟ್ಟಲೆ ಸರಿಯಾಗಿ ಮೇವು ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೀರು ಇಡಲು ಹೋದರೆ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಗಳನ್ನು ನೆಲಕ್ಕೆ ಉಜ್ಜುತ್ತ ತಿರುಗುತ್ತಿತ್ತು. ಥೇಟ್ ಗಂಡಿನ ಹಾಗೆ. ಏನೋ ರೋಗ ಎಂದುಕೊಂಡು ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿ ಕೆಲಸ ಮಾಡುವ ನ್ಯಾನ್ಸಿ ಎಂಬ ಕುಂದಾಪುರದ ಹೆಣ್ಣುಮಗಳು ಬಂದರು. ಹಕ್ಕಿಯನ್ನು ಕಂಕುಳಲ್ಲಿ ಹಿಡಿದು ಎದೆಯ ಗರಿ ಬಿಡಿಸಿ ತೋರಿಸಿದರು.

"ಹೆಣ್ಣಾದ್ರೆ ಈ ತುದಿ ಮಾಸಲು ಕಂದು ಇರ್ತದೆ ಮಾರಾಯ್ರೆ. ಇದು ನೋಡಿ, ಕಡು ಕಪ್ಪು. ಇದು ಗಂಡೇ. ದೊಡ್ಡದಕ್ಕೆ ಹೆದರಿ ಇಷ್ಟು ದಿನ ಬಾಲ ಬಿಚ್ಚಿರ್ಲಿಕ್ಕಿಲ್ಲ."

"ಹಂಗಾರ ತತ್ತಿ?" ಎಂದೆ.

"ಎರಡೂ ಗಂಡೇ ಆದ್ರೆ ಮೊಟ್ಟೆ ಎಲ್ಲಿಂದ ಬರ್ಬೇಕು?" ಎಂದು ಅವರು ನಕ್ಕರು. ಕೆಳಗೆ ಉದುರಿದ್ದ ಒಂದು ಗರಿಯನ್ನು ನಾನು ಜೇಬಿಗಿಟ್ಟುಕೊಂಡೆ.

ಹೋದ ಏಪ್ರಿಲ್‌ನಲ್ಲಿ ಕಫೀಲ್ ಮೊಟ್ಟೆಗಳೆಲ್ಲಿ ಎಂದು ಕೇಳಿದಾಗ ನೀನು ನನ್ನ ಕಡೆ ತಿರುಗಿ, "ಯಣ್ಣಾ, ಅದು ತತ್ತಿ ಇಟ್ಟೇ ಇಲ್ಲ, ನೀನರ ಹೇಳು" ಅಂದೆ. ನಾನು ಎಲ್ಲರ ಎದುರಿಗೆ, "ಯಾರಿಗೆ ಮಾರೀದಿ, ಖರೇ ಹೇಳಿಬಿಡು" ಅಂದೆ. ಒಡಹುಟ್ಟಿದವನೇ ಹಾಗಂದ ಮೇಲೆ ಕಫೀಲ್ ಇನ್ನೇನು ಯೋಚಿಸಿಯಾನು? ಖಲಾಸ್ ಎಂದ. ಇಲ್ಲಿರಲು ನಿನಗಿದ್ದ ಪರವಾನಗಿ, ಇಕಾಮಾ, ರದ್ದಾಯಿತು. ವಿಮಾನ ನಿಲ್ದಾಣದಲ್ಲಿ ನಿನ್ನ ಚೀಲವನ್ನು ನನ್ನ ಕೈಯಿಂದ ಕಸಿದುಕೊಂಡು ಹೋದೆ.

ಮೊನ್ನೆ ಕಫೀಲ್‌ಗೆ ಗರಿ ತೋರಿಸಿ ನ್ಯಾನ್ಸಿ ಹೇಳಿದ್ದನ್ನೆಲ್ಲ ಹೇಳಿದೆ. ಗರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಕೊನೆಗೆ, ತಮ್ಮನನ್ನು ಕರೆಸು, ವೀಸಾ ನಾನೇ ಕೊಡುತ್ತೇನೆ ಎಂದ. ಬರುವುದು ಬಿಡುವುದು ನಿನಗೆ ಸೇರಿದ್ದು. ನೀನು ಕಳ್ಳನಲ್ಲವೆಂದು ಇಲ್ಲಿ ಈಗ ಎಲ್ಲರಿಗೂ ಗೊತ್ತು.

ಅವ್ವನ ಪಾದಕ್ಕೆ ನನ್ನ ಪರವಾಗಿ ಹಣೆ ಮುಟ್ಟಿಸು. ನೇತ್ರಾಳಿಗೆ ದೊಡ್ಡಪ್ಪನ ಮುತ್ತು.

ನಿನ್ನ ಅಣ್ಣ,
ಸಂಗಪ್ಪ

ತಾ.ಕ.: ಬಾವಾಕುಂಞಿ ಭಾಯಿ ಗೇಟಿನಲ್ಲಿ ಕಾಯುತ್ತಿದ್ದಾರೆ. ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಗರಿ ನೋಡಿದ ಮೇಲೆ ನನಗೆ ತಿಳಿಯಿತು ಎಂಬಂತೆ ಮೇಲೆ ಬರೆದಿದ್ದೇನೆ. ಹಾಗಲ್ಲ ತಮ್ಮಾ. ನಿನ್ನ ಮೇಲೆ ಕಣ್ಣಿಡು ಎಂದು ಕಫೀಲ್ ಹೇಳಿದ್ದಕ್ಕೆ, ಹೋದ ವರ್ಷ ಮಾರ್ಚ್ ಪೂರ್ತಿ ನೀನು ಏಳುವ ಮೊದಲೇ ನಾನು ಗೂಡು ನೋಡಿ ಬರುತ್ತಿದ್ದೆ. ಒಂದು ದಿನವೂ ಮೊಟ್ಟೆ ಇರಲಿಲ್ಲ. ಅದನ್ನು ಹೇಳಿದರೆ ಅಣ್ಣತಮ್ಮ ಸೇರಿಯೇ ಮಾರಿದ್ದಾರೆಂದು ನನ್ನನ್ನೂ ಕಳಿಸಿಯಾನು ಎಂದು ಹೆದರಿದೆ. ಈ ನಾಲ್ಕು ಸಾಲು ಅವ್ವನಿಗೂ ಓದಿ ಹೇಳು.