ಎಂಟನೇ ತೂತು

ಮಾರ್ಚ್ 3, ಸೋಮವಾರ

ಪುಸ್ತಕ ಒತ್ತುವ ಪ್ರೆಸ್ಸಿಗೆ ಇನ್ನೂ ಎರಡು ತೂತು ಬಾಕಿ. ಬೆಳಗ್ಗೆ ಒಂದಕ್ಕೆ ಥ್ರೆಡ್ ಹಾಕಿದೆ, ಬೋಲ್ಟು ಕಚ್ಚುವ ಸುರುಳಿ ಗೆರೆ. ಡ್ರಿಲ್ ಮಾಡುವುದಕ್ಕೆ ಎರಡು ನಿಮಿಷ, ಅದರೊಳಗೆ ಟ್ಯಾಪ್ ಎಂಬ ಉಕ್ಕಿನ ಕೊರೆಕಡ್ಡಿ ಇಳಿಸಿ ಥ್ರೆಡ್ ಕೊರೆಯುವುದಕ್ಕೆ ಅರ್ಧ ಗಂಟೆ. ಅವಸರ ಸಲ್ಲದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗೆ ಚೂರು ತುಂಡಾಗುತ್ತದೆ — ಕಟ್. ಆ ಸದ್ದು ಕೇಳದೆ ಮುಂದೆ ಹೋಗಬಾರದು. ಅಣ್ಣ ಕಲಿಸಿದ್ದು. “ಹಿಂದೆ ಬರೋಕೆ ನಾಚಿಕೊಳ್ಳೋನು ಟ್ಯಾಪ್ ಮುರೀತಾನೆ” ಎನ್ನುತ್ತಿದ್ದ.

ಉಪಕರಣವೆಲ್ಲ ಅವನದೇ. ಮರದ ಪೆಟ್ಟಿಗೆಯಲ್ಲಿ ಒಂದೊಂದು ಅಳತೆಗೂ ಮೂರು ಟ್ಯಾಪು. ಹನ್ನೆರಡು ಮಿಲಿಮೀಟರಿನ ಸೆಟ್ಟಿನಲ್ಲಿ ಮಾತ್ರ ಮೊದಲನೆಯದು ಅರ್ಧಕ್ಕೆ ಮುರಿದಿದೆ. ಎಸೆಯಲು ಮನಸ್ಸಿಲ್ಲ.

ಅತ್ತಿಗೆ ಬಾಗಿಲಲ್ಲಿ ನಿಂತು, “ಏನು ಪಂಡಿತ, ಓದೋ ಪುಸ್ತಕ ಎಲ್ಲ ಮುಗೀತಾ? ಈಗ ಒತ್ತೋದಾ?” ಎಂದರು. ಗ್ರಂಥಾಲಯದಿಂದ ನಿವೃತ್ತನಾಗಿ ಹತ್ತು ವರ್ಷವಾಯಿತು, ಆ ಹೆಸರು ಬಿಟ್ಟಿಲ್ಲ.

ಪತ್ರಿಕೆಯಲ್ಲಿ ನಾಲ್ಕು ಸಾಲು: ‘ಪಾಳುಬಿದ್ದ ಪಂಪ್‌ಹೌಸ್ ನೆಲಸಮ.’ ಪಾಳುಬಿದ್ದ! ಬೀಳಿಸಿದವರು ಯಾರು? ಅಲ್ಲಿ ಇಬ್ಬರು ಸತ್ತದ್ದು ಆ ವರದಿಗಾರನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಈಗ ಅರ್ಹತೆ.

ಮಾರ್ಚ್ 5

ಗುಜರಿಯವನ ಫೋನು. “ಸಾರ್, ನಿಮ್ಮ ಪ್ಲೇಟು ಸಿಕ್ತು. ಗೋಡೇಲೇ ಇತ್ತು, ಮೇಲೆ ಇಟ್ಟಿಗೆ ಕಟ್ಟಿದ್ರು.”

ಓಡಿದೆ. ಈ ವಯಸ್ಸಿನಲ್ಲಿ ನಿಜವಾಗಿಯೂ ಓಡಿದೆ. ಎಷ್ಟು ಕೊಡಲಿ ಎಂದರೆ ಕೈ ಮುಗಿದ: “ಹದಿನೈದು ವರ್ಷದಿಂದ ತಲೆ ತಿಂದಿದೀರಿ. ಸುಮ್ನೆ ತಗೊಂಡ್ ಹೋಗಿ, ನನಗೆ ನಿದ್ದೆ ಬರ್ಲಿ.”

ಕೈಗಾಡಿಯಲ್ಲಿ ಮನೆಗೆ. ಇಬ್ಬರು ಹಿಡಿದು ಕೆಲಸದ ಕೋಣೆಯ ಮೇಜಿನ ಮೇಲಿಟ್ಟರು. ಅತ್ತಿಗೆ ಒಮ್ಮೆ ನೋಡಿದರು, ಅಷ್ಟೇ. ಸೀರೆಯ ಸೆರಗಿನಿಂದ ಎಡ ಮಣಿಕಟ್ಟು ಮುಚ್ಚಿಕೊಂಡು ಒಳಗೆ ಹೋದರು. ಮಧ್ಯಾಹ್ನ ಊಟ ಮಾಡಲಿಲ್ಲ.

ಮಾರ್ಚ್ 6

ಮೂವತ್ತೊಂದು ವರ್ಷ ಕೇಳಿದ್ದು ಇದನ್ನೇ. ಪ್ಲೇಟು ತೋರಿಸಿ. ಇಲಾಖೆಗೆ, ಪತ್ರಿಕೆಗಳಿಗೆ ಇನ್ನೂರ ಹದಿನಾರು ಪತ್ರ. ಉತ್ತರ ಬಂದದ್ದು ಹನ್ನೊಂದಕ್ಕೆ, ಅದರಲ್ಲಿ ಎಂಟು ‘ನಿಮ್ಮ ಪತ್ರ ತಲುಪಿದೆ’.

ಪಂಪ್‌ಹೌಸಿನ ಆಳದ ಬಾವಿಗೆ ಜನ ಇಳಿಯುವ ತೊಟ್ಟಿಲು. ಅದನ್ನು ಹೊರುವ ಬ್ರಾಕೆಟ್ಟಿಗೆ ಎಂಟು ಬೋಲ್ಟು, ಎಂಟೂ ಈ ಪ್ಲೇಟಿನ ತೂತುಗಳೊಳಗೆ. ಥ್ರೆಡ್ ಹಾಕಿದ ಫಿಟ್ಟರ್ ಅಣ್ಣ. ನಾಲ್ವರ ತೊಟ್ಟಿಲಿಗೆ ಆ ದಿನ ಆರು ಜನ, ಜೊತೆಗೊಂದು ಮೋಟಾರು. ಬ್ರಾಕೆಟ್ ಕಿತ್ತಿತು. ಗಾರೆಯವನೊಬ್ಬ, ಮೋಟಾರಿನವನೊಬ್ಬ ಹೋದರು. ತನಿಖಾ ವರದಿ, ಪುಟ ನಲವತ್ತೊಂದು: ‘ಏಳು ಬೋಲ್ಟು ಮುರಿದಿವೆ, ಒಂದು ಇಡಿಯಾಗಿ ಕಳಚಿ ಬಿದ್ದಿದೆ, ಫಿಟ್ಟರನ ನಿರ್ಲಕ್ಷ್ಯ.’ ಆ ತೂತಿನೊಳಗೆ ಒಬ್ಬನೂ ಇಣುಕಲಿಲ್ಲ. ಭಾರ ಬರೆಯುವ ರಿಜಿಸ್ಟರಿನ ಪುಟ ಮಾತ್ರ ಹರಿದುಹೋಗಿತ್ತು. ಇಲಿ ತಿಂದಿತಂತೆ. ಓದು ಬಲ್ಲ ಇಲಿ.

ಅಣ್ಣನ ಕೆಲಸ ಹೋಯಿತು. ಎರಡನೇ ವರ್ಷ ಅಣ್ಣನೂ ಹೋದ. ಕೊನೆಯವರೆಗೂ ಒಂದೇ ಮಾತು: “ಎಂಟೂ ಹಾಕಿದ್ದೆ.”

ಇಂಜಿನಿಯರಿಂಗ್ ಕಾಲೇಜಿನ ಮೇಡಂಗೆ ಫೋನು ಮಾಡಿದೆ. ಲೋಹ ಪರೀಕ್ಷೆ ಅವರ ವಿಷಯ. ಇಪ್ಪತ್ತೊಂದನೇ ತಾರೀಕು ನಾಲ್ಕು ಗಂಟೆಗೆ ಬಂದು ನೋಡಿ, ಬರೆದುಕೊಡುತ್ತಾರೆ. “ಏನಿದ್ಯೋ ಅದನ್ನೇ ಬರೀತೀನಿ ಸಾರ್” ಎಂದರು. “ಅದೇ ಸಾಕಮ್ಮ” ಎಂದೆ.

ಮಾರ್ಚ್ 8, ಸಂಜೆ

ಏಳು ತೂತುಗಳಲ್ಲಿ ಮುರಿದ ಬೋಲ್ಟು ಹಾಗೇ ಕಚ್ಚಿ ಕೂತಿವೆ. ಉಕ್ಕು ತುಂಡಾದರೂ ಥ್ರೆಡ್ ಬಿಟ್ಟುಕೊಟ್ಟಿಲ್ಲ. ಅದು ಅಣ್ಣನ ಕೈ.

ಎಂಟನೆಯದರಲ್ಲಿ ಗಟ್ಟಿಯಾದ ಗ್ರೀಸು, ಬಣ್ಣ. ಸೂಜಿಯಿಂದ ಕೆದಕಿದೆ. ಸೀಮೆಎಣ್ಣೆ ಬಿಟ್ಟೆ. ಮತ್ತೆ ಕೆದಕಿದೆ.

ಆರೇ ಸುತ್ತು ಥ್ರೆಡ್. ಅದರ ಕೆಳಗೆ ಕಪ್ಪಗೆ ಹೊಳೆಯುವ ಏನೋ. ಟಾರ್ಚ್ ಹಿಡಿದೆ.

ಮುರಿದ ಟ್ಯಾಪಿನ ಮೂತಿ.

ಪೆಟ್ಟಿಗೆಯಿಂದ ಹನ್ನೆರಡರ ಮೊದಲನೇ ಟ್ಯಾಪ್ ತಂದೆ, ಮುರಿದದ್ದು. ಮುರುಕಿನ ಮೇಲೆ ಮುರುಕಿಟ್ಟೆ. ಕೂತಿತು. ಕೂದಲಿನಷ್ಟೂ ಸಂದಿಲ್ಲದೆ ಕೂತಿತು.

ಮಾರ್ಚ್ 9

ಬರೆಯಲಾರೆ.

ಮಾರ್ಚ್ 12, ಮಧ್ಯಾಹ್ನ 3-40

ಎಂದರೆ ಟ್ಯಾಪು ಒಳಗೇ ಮುರಿದ ಮೇಲೆ ಅಣ್ಣ ಬೋಲ್ಟನ್ನು ಕತ್ತರಿಸಿ, ಆರು ಸುತ್ತಿಗಷ್ಟೇ ತಿರುಗಿಸಿ, ಗ್ರೀಸು ಮೆತ್ತಿ ಕಳಿಸಿದ. ಏಳು ಬೋಲ್ಟು ಹೊತ್ತಾವು ಎಂದುಕೊಂಡ. ನಾಲ್ವರನ್ನು ಹೊರುತ್ತಿತ್ತೇನೋ. ಭಾರ ಹೆಚ್ಚಿದ್ದದ್ದೂ ನಿಜ, ಈ ತೂತೂ ನಿಜ. ಎರಡನೆಯ ನಿಜ ನನ್ನ ಒಂದು ಪತ್ರದಲ್ಲೂ ಇಲ್ಲ.

ನಾಲ್ಕು ದಿನ ಆ ಕೋಣೆಗೆ ಹೋಗಿರಲಿಲ್ಲ. ಬೀಗ ಹಾಕಿ, ಕೀ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಈಗ ತೆಗೆದೆ. ಹೊಸ ಎಣ್ಣೆಯ ವಾಸನೆ. ಎಂಟನೇ ತೂತಿನ ಸುತ್ತ ಸಣ್ಣ ಸಣ್ಣ ಚೂರು, ಉಗುರಿನ ಹಾಗೆ ಸುರುಳಿ ಸುತ್ತಿದವು, ಬೆಳ್ಳಗೆ ಮಿನುಗುತ್ತಿವೆ. ತುಕ್ಕಲ್ಲ. ಈಗಷ್ಟೇ ಕೊಯ್ದ ಉಕ್ಕು.

ಟ್ಯಾಪಿನ ಮುರುಕು ತೂತಿನ ಬಾಯಿಗೆ ಬಂದು ನಿಂತಿದೆ. ಹಿಂದೆ ತಿರುಗಿಸಿ ತಿರುಗಿಸಿ ಯಾರೋ ಮೇಲಕ್ಕೆ ತಂದ ಹಾಗೆ. ಅದನ್ನು ಹಾಗೆ ತೆಗೆಯಲಾಗುವುದಿಲ್ಲ. ಒಳಗೆ ಮುರಿದ ಟ್ಯಾಪು ಹಲ್ಲಿನ ಬೇರಿಗಿಂತ ಗಟ್ಟಿಯಾಗಿ ಕಚ್ಚಿರುತ್ತದೆ.

ಮಾರ್ಚ್ 13, 3-15

ಮುರುಕು ಮೇಜಿನ ಮೇಲೆ ಬಿದ್ದಿತ್ತು. ಬೆಚ್ಚಗಿತ್ತು.

ಜೇಬಿಗೆ ಹಾಕಿಕೊಂಡೆ. ಈಗಲೂ ತೊಡೆಗೆ ತಾಗುತ್ತಿದೆ.

ಮಾರ್ಚ್ 14

ಕೇಳಿಸಿತು. ಮೂರು ಗಂಟೆ, ಉರಿ ಬಿಸಿಲು, ಬೀದಿಯಲ್ಲಿ ಮಕ್ಕಳ ಗಲಾಟೆ. ಬೀಗ ಹಾಕಿದ ಬಾಗಿಲಿನಾಚೆ — ಕಿರ್ರ್... ಕಟ್. ಕಿರ್ರ್... ಕಟ್. ಅರ್ಧ ಮುಂದೆ, ಕಾಲು ಹಿಂದೆ. ಬಾಗಿಲು ತೆಗೆದರೆ ಯಾರೂ ಇಲ್ಲ. ಹನ್ನೆರಡರ ಎರಡನೇ ಟ್ಯಾಪು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡಿದೆ. ನಾನು ಸಿಕ್ಕಿಸಿಲ್ಲ.

ಹೊಸ ಬೋಲ್ಟು ಇಳಿಸಿ ನೋಡಿದೆ. ಆರಲ್ಲ, ಎಂಟು ಸುತ್ತು ಹೋಯಿತು.

ನನಗೇ ಮರುಳು, ನಾನೇ ಮಾಡುತ್ತಿರಬಹುದು ಎಂದು ಕೈ ಮೂಸಿ ನೋಡಿಕೊಂಡೆ. ಸೋಪಿನ ವಾಸನೆ.

ಮಾರ್ಚ್ 15

ಟ್ಯಾಪಿನ ಪೆಟ್ಟಿಗೆಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂರಕ್ಕೆ ಅತ್ತಿಗೆಯನ್ನು ಎದುರಿಗೇ ಕೂರಿಸಿಕೊಂಡೆ. ಬಟಾಣಿ ಸುಲಿಯುತ್ತಿದ್ದರು. ಇಬ್ಬರೂ ಇಲ್ಲೇ ಇದ್ದೇವೆ. ಮನೆಯಲ್ಲಿ ಮೂರನೆಯವರಿಲ್ಲ.

ಕಿರ್ರ್... ಕಟ್.

ಅತ್ತಿಗೆಯ ಕೈ ನಿಂತಿತು. ತಲೆ ಎತ್ತಲಿಲ್ಲ.

“ಇಲಿ ಇರಬೇಕು” ಎಂದೆ. ಮೂವತ್ತೊಂದು ವರ್ಷ ಯಾರನ್ನು ಹೀಗಳೆದೆನೋ ಅವರದೇ ಮಾತು ನನ್ನ ಬಾಯಲ್ಲಿ.

“ಹೌದು, ಇಲಿ” ಎಂದರು. ಆಮೇಲೆ, ಬಟಾಣಿಗೇ ಹೇಳುವ ಹಾಗೆ: “ಅವಸರ ಮಾಡ್ತಿದಾರೆ.”

ಹನ್ನೊಂದು ಸುತ್ತು. ಬೀರುವಿನ ಬೀಗ ಹಾಕಿದ ಹಾಗೇ ಇದೆ. ಒಳಗಿನ ಟ್ಯಾಪು ಎಣ್ಣೆಯಿಂದ ಒದ್ದೆ.

ಮಾರ್ಚ್ 16

ಈಗ ಹೊಳೆಯಿತು, ಆಗಲಿರುವುದೇನು ಎಂದು. ಆ ಅಳತೆಯ ತೂತಿಗೆ ಹದಿನೇಳು ಸುತ್ತು. ಹದಿನೇಳೂ ತುಂಬಿದರೆ ಎಂಟೂ ತೂತು ಸರಿಯಾಗಿವೆ. ಅಣ್ಣ ಹೇಳಿದ್ದು ಸುಳ್ಳಲ್ಲ ಎಂದಾಗುತ್ತದೆ. ಅಥವಾ ಮೇಡಂ ಟಾರ್ಚ್ ಬಿಟ್ಟು, ಹೊಸ ಥ್ರೆಡ್ಡಿನ ಹೊಳಪು ನೋಡಿ, ಇದನ್ನು ಮೊನ್ನೆ ಈ ಮುದುಕನೇ ಕೊರೆದಿದ್ದಾನೆ ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ನಿಜ ಸತ್ತ ಹಾಗೆ. ನಿಜಕ್ಕೆ ಇದ್ದ ಒಂದೇ ಸಾಕ್ಷಿ ಆ ಅರ್ಧ ತೂತು.

ಹೇಳಬೇಕೆ ಸುಮ್ಮನಿರಬೇಕೆ? ಸುಮ್ಮನಿದ್ದವರನ್ನು ಇಷ್ಟು ವರ್ಷ ಏನೆಂದು ಕರೆದೆ ಎಂದು ಹಳೆಯ ಪತ್ರಗಳ ಕಟ್ಟು ಬಿಚ್ಚಿ ನೋಡಿದೆ. ಬೈಗುಳ ಚೆನ್ನಾಗಿಯೇ ಬರೆದಿದ್ದೇನೆ. ಇನ್ನೊಂದು ಲೆಕ್ಕವನ್ನೂ ಹಾಕಿದೆ. ಇನ್ನೂರ ಹದಿನಾರು ಪತ್ರಗಳಲ್ಲಿ ಸತ್ತ ಇಬ್ಬರ ಬಗ್ಗೆ ಎಷ್ಟು ಸಾಲು?

ಹದಿನಾಲ್ಕು.

ಮಾರ್ಚ್ 17, ಸೋಮವಾರ

ಜೇಬಿನ ಮುರುಕನ್ನು ಮತ್ತೆ ಬಟಾಣಿ ಸುಲಿಯುತ್ತಿದ್ದ ಅತ್ತಿಗೆಯ ಮುಂದಿಟ್ಟೆ. ಅವರು ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು.

“ಸಿಕ್ತಾ?” ಎಂದರು. ಕಳೆದ ಓಲೆ ಸಿಕ್ಕಿದ ಹಾಗೆ.

“ಅಣ್ಣ ಯಾಕೆ ಹೀಗೆ ಮಾಡಿದ ಅತ್ತಿಗೆ?”

“ಅವರಲ್ಲ. ನಾನು.”

ಒಂದೊಂದಾಗಿ ಹೇಳಿದರು. ಅಣ್ಣ ಆ ಪ್ಲೇಟನ್ನು ಭಾನುವಾರ ಮನೆಗೆ ತಂದಿದ್ದ, ಸೋಮವಾರ ಬೆಳಗ್ಗೆ ಒಪ್ಪಿಸಬೇಕಿತ್ತು. ದೊಡ್ಡ ತೂತಿಗೆ ಇಬ್ಬರೂ ಕೂರುತ್ತಿದ್ದರಂತೆ, ಎದುರು ಬದುರು. ಟ್ಯಾಪ್ ಹ್ಯಾಂಡಲ್ಲಿಗೆ ಎರಡು ತೋಳು, ಒಂದು ಅವನಿಗೆ, ಒಂದು ಇವರಿಗೆ. ನಾನು ಆಗ ಗ್ರಂಥಾಲಯದಲ್ಲಿ ಕೂತು ಶ್ರಮದ ಘನತೆಯ ಮೇಲೆ ಪುಸ್ತಕ ಓದುತ್ತಿದ್ದೆ.

“ಏಳು ಆಯ್ತು. ಜ್ವರ ಬಂದು ಮಲಗಿಬಿಟ್ರು. ಒಂದೇ ಅಲ್ವಾ, ನಾನೇ ಮುಗಿಸ್ತೀನಿ ಅಂತ ಕೂತೆ. ಎಡಗೈ ಸುಟ್ಟುಕೊಂಡಿದ್ದೆ, ಬಟ್ಟೆ ಸುತ್ತಿತ್ತು. ಬಲಗೈಲೇ ತಿರುಗಿಸ್ದೆ. ಒಂದೇ ಕಡೆ ಭಾರ ಬಿದ್ರೆ ಏನಾಗತ್ತೆ ಹೇಳು ಪಂಡಿತ?”

“ಮುರಿಯುತ್ತೆ.”

“ಮುರೀತು. ಎಬ್ಬಿಸಿ ಹೇಳ್ದೆ. ಬೈಲಿಲ್ಲ. ಆ ಬೋಲ್ಟು ಕತ್ತರಿಸಿ ಕೂರಿಸಿದ್ರು. ‘ಇನ್ನೊಂದು ಪ್ಲೇಟು ಬಂದಾಗ ಬದಲಾಯಿಸ್ತೀನಿ’ ಅಂದ್ರು. ಬಂತಾ?”

ಬಟಾಣಿ ಸಿಪ್ಪೆಯ ಮೊರವನ್ನು ಎತ್ತಿಕೊಂಡು ಎದ್ದರು. “ನನ್ನ ಹೆಸರು ಬರಬಾರ್ದು ಅಂತ ‘ಎಂಟೂ ಹಾಕಿದ್ದೆ’ ಅಂತಿದ್ರು. ನೀನು ಅದನ್ನೇ ಹಿಡ್ಕೊಂಡು ಊರೆಲ್ಲ ಸಾರಿದೆ. ನಿನ್ನ ಒಂದೊಂದು ಪತ್ರಕ್ಕೂ ನಾನೇ ಅಂಚೆಚೀಟಿ ಹಚ್ತಿದ್ದೆ, ನೆನಪಿದ್ಯಾ?”

ನೆನಪಿದೆ. ನಾಲಿಗೆಗೆ ತಾಗಿಸಿ ಹಚ್ಚುತ್ತಿದ್ದರು.

ಮಾರ್ಚ್ 19

ಇನ್ನೂರ ಹದಿನೇಳನೇ ಪತ್ರ. ಮೇಡಂ ಕೈಗೆ ಕೊಡಲು, ಇನ್ನೊಂದು ಪ್ರತಿ ಪತ್ರಿಕೆಗೆ. ‘ಎಂಟನೇ ತೂತಿನ ತಪ್ಪು ನಮ್ಮ ಮನೆಯದು’ ಎಂದು ಶುರು ಮಾಡಿ ಅತ್ತಿಗೆಗೆ ಓದಿ ಹೇಳಿದೆ.

“ಮನೆಗೆ ಕೈ ಇರತ್ತೇನೋ? ನನ್ನದು ಅಂತ ಬರಿ.”

“ಬೋಲ್ಟು ಕತ್ತರಿಸಿದ್ದು ಅಣ್ಣ ಅಲ್ವಾ?”

ಯೋಚಿಸಿದರು. “ಹಾಗಾದ್ರೆ ಇಬ್ಬರದೂ ಬರಿ. ಸತ್ತವರದು ಮೊದಲು ಬರಿ.”

ಬರೆದೆ. ಗಾರೆಯವನಿಗೆ ಎಷ್ಟು ಮಕ್ಕಳಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಅತ್ತಿಗೆಗೆ ಗೊತ್ತಿತ್ತು. ಮೂರು.

ಹದಿನಾಲ್ಕು ಸುತ್ತು. ಮೂರು ಉಳಿದಿದೆ. ಈ ಪತ್ರ ಓದಿ ಮೇಡಂ ಪ್ಲೇಟು ನೋಡುತ್ತಾರೆ. ಆ ತೂತು ಪತ್ರವನ್ನು ಸುಳ್ಳು ಮಾಡುತ್ತದೆ.

ಖಾಲಿ ಕೋಣೆಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ: “ಸಾಕು ಅಣ್ಣ. ನಿಲ್ಲಿಸು. ಹಿಂದೆ ಬರೋಕೆ ನಾಚಿಕೊಳ್ಳಬಾರದು ಅಂತ ನೀನೇ ಹೇಳಿದ್ದು.”

ಮೇಜಿನ ಮೇಲಿನ ಚೂರುಗಳು ಒಮ್ಮೆ ಅಲುಗಿದವು. ಗಾಳಿ ಇರಲಿಲ್ಲ.

ಮಾರ್ಚ್ 20

ಇವತ್ತು ಸದ್ದಿಲ್ಲ. ಮೂರು, ಮೂರೂವರೆ, ನಾಲ್ಕು. ಇಲ್ಲ. ಹದಿನಾಲ್ಕರಲ್ಲೇ ನಿಂತಿದೆ.

ನಿಲ್ಲಿಸಿದ. ಸಮಾಧಾನ ಆಗಬೇಕಿತ್ತು. ಅತ್ತಿಗೆ ಸಂಜೆಯವರೆಗೂ ಆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. “ಯಾರಿಗೋ ಕಾಯ್ತಿದೀರಾ?” ಎಂದೆ. “ಅವರೇ ನನಗೆ ಕಾಯ್ತಿದಾರೆ” ಎಂದರು.

ಮಾರ್ಚ್ 21, ಶುಕ್ರವಾರ, 3-20

ಕೀ ಜೇಬಿನಲ್ಲಿಲ್ಲ. ಅತ್ತಿಗೆ ಅಡುಗೆಮನೆಯಲ್ಲಿಲ್ಲ.

ಕೋಣೆಯ ಬಾಗಿಲು ಒಳಗಿನಿಂದ ಹಾಕಿದೆ. ಕಿರ್ರ್... ಕಟ್.

ಹಿತ್ತಿಲಿಗೆ ಸುತ್ತಿ ಬಂದು ಕಿಟಕಿಯಲ್ಲಿ ನೋಡಿದೆ. ನೋಡಿದ್ದನ್ನು ನೋಡಿದ ಹಾಗೇ ಬರೆಯುತ್ತೇನೆ, ಇಷ್ಟು ವರ್ಷ ಬೇರೆಯವರಿಂದ ಅದನ್ನೇ ಕೇಳಿದವನು.

ಅತ್ತಿಗೆ ಸ್ಟೂಲಿನ ಮೇಲೆ ಕೂತಿದ್ದಾರೆ. ಮೇಜಿನಾಚೆ ಇನ್ನೊಂದು ಸ್ಟೂಲು, ನಾನು ಇಟ್ಟದ್ದಲ್ಲ. ಟ್ಯಾಪು ಎಂಟನೇ ತೂತಿನಲ್ಲಿ ನೆಟ್ಟಗೆ ನಿಂತಿದೆ. ಹ್ಯಾಂಡಲ್ಲಿನ ಈ ತೋಳಿನ ಮೇಲೆ ಅವರ ಬಲಗೈ. ಎಡಗೈ ಮಡಿಲಲ್ಲಿ. ಆಚೆಯ ತೋಳಿನ ಮೇಲೆ ಯಾರ ಕೈಯೂ ಇಲ್ಲ.

ಒಂದೇ ಕೈ. ಒಂದೇ ಕಡೆ ಭಾರ. ವಾಲಬೇಕು, ಮುರಿಯಬೇಕು. ವಾಲುತ್ತಿಲ್ಲ. ತಕ್ಕಡಿಯ ಹಾಗೆ ಸಮವಾಗಿ ಸುತ್ತುತ್ತಿದೆ. ಅರ್ಧ ಮುಂದೆ. ಕಾಲು ಹಿಂದೆ. ಕಟ್.

ಅತ್ತಿಗೆ ನಗುತ್ತಿದ್ದಾರೆ. “ನಿಧಾನ ಕಣ್ರೀ” ಎಂದರು. ನನಗಲ್ಲ.

ತಡೆಯಬೇಕು. ಗಾಜು ತಟ್ಟಿದರೆ ಸಾಕು. ಕೈ ಎತ್ತಿದೆ. ಎತ್ತಿದ ಕೈ ಇಳಿಸಿದೆ.

3-45

ಮೇಡಂ ಬೇಗ ಬಂದರು. ಕೈಯಲ್ಲಿ ಟಾರ್ಚು, ಅಳತೆಯ ಗೇಜು. ಮೊದಲು ಪತ್ರ ಕೊಟ್ಟೆ. ನಡುಮನೆಯಲ್ಲಿ ಕೂತು ಓದುತ್ತಿದ್ದಾರೆ. ಈಗ ಎರಡನೇ ಪುಟದಲ್ಲಿದ್ದಾರೆ. ಮೂರನೇ ಪುಟ ಮುಗಿದರೆ ಎದ್ದೇ ಏಳುತ್ತಾರೆ. ಮುರುಕು ನನ್ನ ಮುಷ್ಟಿಯಲ್ಲಿದೆ, ಅದನ್ನೂ ಕೊಡುತ್ತೇನೆ. ನಂಬಿದರೆ ನಂಬಲಿ.

ಒಳಗೆ ಸದ್ದು ನಿಂತಿಲ್ಲ. ಎಣಿಸುತ್ತಿದ್ದೇನೆ. ಇನ್ನೊಂದೇ ಸುತ್ತು.

ಮೇಡಂ ಕಿವಿಗೊಟ್ಟರು. “ಸಾರ್, ಒಳಗೆ ಯಾರೋ ಟ್ಯಾಪ್ ಮಾಡ್ತಿದಾರಲ್ವಾ? ಇಬ್ಬರು ಇರೋ ಹಾಗಿದೆ.”

“ಹೌದಮ್ಮ” ಎಂದೆ. “ಒಬ್ಬರು ನಮ್ಮ ಅತ್ತಿಗೆ. ಇನ್ನೊಬ್ಬ ನಮ್ಮಣ್ಣ.”