ಇಪ್ಪತ್ತೈದರ ಗಾಡಿ

ಜೂನ್ 9, 2025, ಸೋಮವಾರ

ಕರೆಂಟ್ ಸ್ಕೂಟರಿಗೆ ಚಾರ್ಜ್ ಹಾಕಲು ಮತ್ತೆ ಮರೆತಿದ್ದೆ. ಹಾಗೂ ಹೀಗೂ ಕೆಲಸದ ಹೊತ್ತಿಗೆ ಗೋವಿನಕೋವಿ ಅಂಗನವಾಡಿ ಮುಟ್ಟಿದೆ. ವಾಪಸ್ ನ್ಯಾಮತಿಗೆ ಬರುವಾಗ ಲಾರಿಯೊಂದು ಹಿಂದೆ ಬಿದ್ದು ಹಾರನ್ನೋ ಹಾರನ್ನು. ನನ್ನ ಗಾಡಿಯ ಮೋಟಾರೂ ಚಿಕ್ಕದು, ಓಡುವುದೂ ಗಂಟೆಗೆ ಇಪ್ಪತ್ತೈದೇ ಕಿಲೋಮೀಟರ್. ಅದಕ್ಕೇ ಲೈಸೆನ್ಸ್ ಬೇಡ, ನಂಬರ್ ಬೇಡ. ದಾವಣಗೆರೆಯಲ್ಲಿ ಲೈಸೆನ್ಸ್ ಟೆಸ್ಟಿಗೆ ಗಾಡಿಯಲ್ಲಿ ‘ಎಂಟು’ ಹಾಕುವಾಗ ಎರಡು ಸಲ ಕಾಲೂರಿ ಫೇಲಾದವಳಿಗೆ ಇನ್ನೇನು ಗತಿ! ರಾತ್ರಿ ಊಟಕ್ಕೆ ಕೂತಾಗ ಲಾರಿ ಕಥೆ ನಗುತ್ತಲೇ ಹೇಳಿದೆ. ಮಾವ ನಗಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಜೂನ್ 15, ಭಾನುವಾರ

ಮಾವ ಗಾಡಿ ತೊಳೆದು, ಅದನ್ನು ಕೊಂಡ ಹೊನ್ನಾಳಿ ಅಂಗಡಿಗೆ ಒಯ್ದಿದ್ದರು. ಬ್ರೇಕ್ ನೋಡಿಸಲಿಕ್ಕಂತೆ. ಅವರ ಮಗನಿಗೇ ಇಲ್ಲದ ಕಾಳಜಿ...

ಜುಲೈ 3, ಗುರುವಾರ

ಬಸ್‌ಸ್ಟ್ಯಾಂಡ್ ಹತ್ತಿರ ಪೊಲೀಸ್ ಚೆಕಿಂಗ್. ಇಪ್ಪತ್ತೈದರ ಗಾಡಿ ಸಾರ್ ಎಂದು ಧೈರ್ಯವಾಗಿಯೇ ಹೇಳಿದೆ. ಎಸ್‌ಐ ತಾವೇ ಹತ್ತಿ ಒಂದು ಸುತ್ತು ಹೊಡೆದು ಬಂದರು.

“ನಲವತ್ತರ ಮೇಲೆ ಓಡ್ತೈತಲ್ಲಮ್ಮ.”

ದೇವರಾಣೆ, ನಾನು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದವಳೇ ಅಲ್ಲ. ಭಯ. ಇಪ್ಪತ್ತೈದು ದಾಟದಂತೆ ಕಂಪನಿ ಹಾಕಿದ್ದ ಸ್ಪೀಡ್ ಲಾಕ್ ಯಾರೋ ತೆಗೆದಿದ್ದಾರಂತೆ. ಹಾಗಾದರೆ ಬೈಕಿನ ಲೆಕ್ಕವೇ—ಲೈಸೆನ್ಸ್, ನಂಬರ್, ಇನ್ಶೂರೆನ್ಸ್ ಎಲ್ಲ ಬೇಕು. ಗಾಡಿ ಸ್ಟೇಷನ್ ಸೇರಿತು. ಬಸ್ಸಿಗೆ ಕಾದಿದ್ದ ನಮ್ಮ ಅಂಗನವಾಡಿ ಮಕ್ಕಳ ತಾಯಂದಿರು ನೋಡುತ್ತಿದ್ದರು. ಮಾನ ಹೋಯಿತು. ಬೆಳಗ್ಗೆ ಆ ಕಡೆಗೆ ಹೊತ್ತಿಗೆ ಸರಿಯಾಗಿ ಬಸ್ಸೂ ಇಲ್ಲ. ಕೆಲಸಕ್ಕೆ ಹೋಗುವುದು ಹೇಗೆ?

ಜುಲೈ 4

ಅಂಗಡಿಯವರದೇ ಮೋಸ ಎಂದು ಹೊನ್ನಾಳಿಗೆ ಹೋಗಿ ಕೂಗಾಡಿದೆ. ಮೆಕ್ಯಾನಿಕ್ ತಲೆ ತಗ್ಗಿಸಿದ.

“ನಿಮ್ಮ ಮಾವ ಗಿಡ್ಡಪ್ಪನೋರೇ ತೆಗೆಸಿದ್ದು ಅಕ್ಕ. ಬ್ಯಾಡ ಅಂದ್ರೂ ಕೈ ಮುಗುದ್ರು.”

ಮಾವನಾ? ಸಿಗ್ನಲ್ ಇಲ್ಲದ ಊರಲ್ಲೂ ನಿಂತು ನೋಡಿ ರಸ್ತೆ ದಾಟುವವರು!

ಅದೇ ದಿನ, ಸಂಜೆ

ಮಾವನನ್ನೇ ಕೇಳಿಬಿಟ್ಟೆ.

“ಲಾರಿ ಹಿಂದೆ ಬಿದ್ರೆ ತಪ್ಪಿಸ್ಕೊಳ್ಳಾಕೆ ಒಂದಿಷ್ಟು ಓಟ ಬೇಕಲ್ಲವ್ವ.”

“ಓಡ್ತೈತೆ ಅಂತ ನಂಗೇ ಗೊತ್ತಿಲ್ದೆ ಹೆಂಗೆ ಓಡಿಸ್ಲಿ ಮಾವ?”

ಹೇಳಿದರೆ ನಾನು ಹತ್ತುವುದಿಲ್ಲವೆಂದು ಮುಚ್ಚಿಟ್ಟಿದ್ದರಂತೆ. ಗೊತ್ತಿಲ್ಲದ ಓಟ ಉಪಯೋಗಕ್ಕೆ ಬಾರದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನನಗೆ ಸಿಟ್ಟು, ಅಳು ಎರಡೂ ಬಂತು.

ಜುಲೈ 6, ಭಾನುವಾರ, ಬೆಳಗ್ಗೆ

ಅಂಗಳದ ತುಂಬ ಸುಣ್ಣದ ಗೆರೆ. ದೊಡ್ಡ ಎಂಟು. ಯಾವಾಗ ಎದ್ದು ಬರೆದರೋ. ಪಕ್ಕದ ಮನೆಯ ಸೈಕಲ್ ಹಿಡಿದು ಮಾವ ನಿಂತಿದ್ದಾರೆ.

“ಬಾರವ್ವ ಕಲ್ಪನಾ. ನೆಲ ಮುಟ್ಟಬ್ಯಾಡ, ಅಷ್ಟೆ.”

ಎರಡು ಸುತ್ತಾಯಿತು. ಎರಡರಲ್ಲೂ ಕಾಲೂರಿದೆ. ನೀರು ಕುಡಿಯಲು ಒಳಗೆ ಬಂದಿದ್ದೇನೆ. ಮತ್ತೆ ಕರೆಯುತ್ತಿದ್ದಾರೆ. ಈ ಸಲ—